ವೀಸಾ ಯಾರ ಕೈಲಿದೆ?

ಸಿಇಟಿ ಆಪ್ಷನ್ ಎಂಟ್ರಿ ನೆನಪಿದೆಯಲ್ಲ? ಹಳೇ ಕಟ್‌ಆಫ್ ಲಿಸ್ಟ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿ, ಯಾವ ಬ್ರಾಂಚ್ ಮೇಲೆ ಹಾಕೋದು, ಯಾವ ಕಾಲೇಜು ಕೆಳಗೆ ಹಾಕೋದು ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿದ್ವಿ. ನಾಲ್ಕು ವರ್ಷದ ಒಂದು ಸೀಟಿಗೆ ಅಷ್ಟು ತಲೆ ಕೆಡಿಸಿಕೊಂಡ ನಾವೇ, ಮುಂದಿನ ಹತ್ತಿಪ್ಪತ್ತು ವರ್ಷವನ್ನ ತೀರ್ಮಾನ ಮಾಡೋ ವೀಸಾ ವಿಷಯ ಬಂದಾಗ ಮಾತ್ರ "ಮೊದಲು ಹೋಗೋಣ, ಆಮೇಲೆ ನೋಡ್ಕೊಳ್ಳೋಣ" ಅಂತೀವಿ.

ಎರಡನೇ ವರ್ಷಕ್ಕೇ ಈ ಮಾತು ಯಾಕೆ ಅಂತ ನೀವು ಕೇಳಬಹುದು. ನಮ್ಮಲ್ಲಿ ಎಷ್ಟೋ ಜನ ಆಗಲೇ ಜಿಆರ್‌ಇ ವರ್ಡ್‌ಲಿಸ್ಟ್ ಹಿಡ್ಕೊಂಡು ಓಡಾಡ್ತಿದ್ದಾರೆ. ಕೆಲವರ ಮನೆಯಲ್ಲಿ ಎಜುಕೇಶನ್ ಲೋನಿಗೆ ಸೈಟಿನ ಪತ್ರ ಬ್ಯಾಂಕಿನಲ್ಲಿಡುವ ಮಾತೂ ಶುರುವಾಗಿದೆ. ದೇಶ ಫಿಕ್ಸ್ ಆಗಿದೆ, ಯೂನಿವರ್ಸಿಟಿ ಶಾರ್ಟ್‌ಲಿಸ್ಟ್ ಆಗಿದೆ. ಓದು ಮುಗಿದ ಮೇಲೆ ಯಾವ ವೀಸಾದಲ್ಲಿ ಕೆಲಸ ಮಾಡ್ತೀಯ ಅಂತ ಕೇಳಿದ್ರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಎಚ್-1ಬಿ ಸಿಗುತ್ತೆ ಬಿಡು."

ನಮ್ಮ ವಾದ ಇಷ್ಟೇ. ಐಟಿ ಕೆಲಸಕ್ಕೆ ಹೊರಗೆ ಹೋಗೋದಾದ್ರೆ ಸಂಬಳ, ಊರು, ಯೂನಿವರ್ಸಿಟಿ ರ‍್ಯಾಂಕ್ ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಬೇಕು. ಆ ವೀಸಾ ಯಾರ ಕೈಲಿದೆ? ನಮ್ಮ ಕೈಲೋ, ಕಂಪನಿ ಕೈಲೋ, ಲಾಟರಿ ಕೈಲೋ?

ಎಲ್ಲರ ಬಾಯಲ್ಲೂ ಇರೋ ಎಚ್-1ಬಿಯಿಂದಲೇ ಶುರು ಮಾಡೋಣ. ಅಮೆರಿಕದ 1990ರ ವಲಸೆ ಕಾಯ್ದೆಯಿಂದ ಬಂದ ವೀಸಾ ಇದು. ಕೆಲಸಕ್ಕೆ ಸಂಬಂಧಪಟ್ಟ ಡಿಗ್ರಿ ಇರಲೇಬೇಕು. ಅರ್ಜಿ ಹಾಕೋದು ನಾವಲ್ಲ, ಕಂಪನಿ. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000. ಮೊದಲು ಮೂರು ವರ್ಷ, ಒಟ್ಟು ಆರು ವರ್ಷ. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಭಾರತದಲ್ಲಿ ಹುಟ್ಟಿದವರದ್ದೇ. ಅದಕ್ಕೇ ನಮಗೆ ಅದು ನಮ್ಮದೇ ವೀಸಾ ಅನ್ನಿಸಿಬಿಟ್ಟಿದೆ.

ಈಗ ಲೆಕ್ಕ ನೋಡಿ. 2026ರ ಹಣಕಾಸು ವರ್ಷಕ್ಕೆ ಸುಮಾರು 3,44,000 ಅರ್ಹ ನೋಂದಣಿಗಳಿದ್ವು, ಆಯ್ಕೆಯಾಗಿದ್ದು ಸುಮಾರು 1,20,000. ಆಯ್ಕೆಯಾದವರೆಲ್ಲ ಕೊನೆವರೆಗೂ ಬರಲ್ಲ ಅಂತ ಮಿತಿಗಿಂತ ಹೆಚ್ಚು ಜನರನ್ನ ಆರಿಸ್ತಾರೆ. ಅಂದ್ರೆ ಮೂರರಲ್ಲಿ ಒಬ್ಬರಿಗೆ ಅಂತಿಟ್ಕೊಳ್ಳಿ. ಅಲ್ಲಿ ಎಂಎಸ್ ಮುಗಿಸಿದವರಿಗೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡೋ ಅವಕಾಶ ಇದೆ, ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಸ್ಟೆಮ್ ವಿಸ್ತರಣೆ ಸೇರಿ 36 ತಿಂಗಳು. ಹೆಚ್ಚುಕಮ್ಮಿ ಮೂರು ಸಲ ಲಾಟರಿಗೆ ಹೆಸರು ಕೊಡಬಹುದು. ಮ್ಯಾಥ್ಸ್ ಪೇಪರಿನ ಪ್ರಾಬಬಿಲಿಟಿ ಇಲ್ಲಿ ಕೆಲಸಕ್ಕೆ ಬರುತ್ತೆ. ಮೂರು ಸಲವೂ ಸಿಗದೇ ಇರೋ ಸಾಧ್ಯತೆ ಮೂರನೇ ಎರಡರ ಘನ, ಅಂದ್ರೆ 27ರಲ್ಲಿ 8. ಹತ್ತು ಜನ ಹೋದ್ರೆ ಮೂವರಿಗೆ ಸಿಗಲ್ಲ. ಆ ಮೂವರೂ ಓದಿದ್ದಾರೆ, ಕೆಲಸ ಮಾಡ್ತಿದ್ದಾರೆ, ಲೋನಿನ ಇಎಂಐ ಡಾಲರಿನಲ್ಲಿ ದುಡಿದು ಕಟ್ತಿದ್ದಾರೆ. ಅವರ ತಪ್ಪು ಏನೂ ಇಲ್ಲ.

ಇದು ಹಳೇ ಲಾಟರಿಯ ಲೆಕ್ಕ. ಎಲ್ಲರಿಗೂ ಸಮಾನ ಅವಕಾಶ ಅನ್ನೋ ಪದ್ಧತಿ ಬಿಟ್ಟು, ಸಂಬಳದ ಹಂತ ಹೆಚ್ಚಿದ್ದವರ ಹೆಸರನ್ನ ಹೆಚ್ಚು ಸಲ ಸೇರಿಸುವ ನಿಯಮ ಬಂದಿದೆ. ಫ್ರೆಶರ್ ಅಂದ್ರೆ ಸಾಮಾನ್ಯವಾಗಿ ಕೆಳಗಿನ ಹಂತ. ಅದೂ ಸಾಲದು ಅಂತ, 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರಿಗಾಗಿ ಹಾಕೋ ಹೊಸ ಅರ್ಜಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕು ಅನ್ನೋ ಆದೇಶ ಬಂತು. ಇಲ್ಲಿ ಕೂತಿರೋ ಹೊಸಬರಿಗೋಸ್ಕರ ಎಂಬತ್ತು ತೊಂಬತ್ತು ಲಕ್ಷ ರೂಪಾಯಿ ಕೊಡೋಕೆ ಯಾವ ಕಂಪನಿ ಮುಂದೆ ಬರುತ್ತೆ?

ವೀಸಾ ಸಿಕ್ಕ ಮೇಲೂ ಕಥೆ ಮುಗಿಯಲ್ಲ. ಕೆಲಸ ಹೋದ್ರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ನಿಮಗೋಸ್ಕರ ಅರ್ಜಿ ಹಾಕಬೇಕು, ಇಲ್ಲ ಬೇರೆ ವೀಸಾಗೆ ಬದಲಾಗಬೇಕು, ಎರಡೂ ಆಗದಿದ್ರೆ ಗಂಟುಮೂಟೆ ಕಟ್ಟಬೇಕು. ಆರು ವರ್ಷ ದಾಟಿ ಅಲ್ಲೇ ಇರಬೇಕು ಅಂದ್ರೆ ಗ್ರೀನ್ ಕಾರ್ಡ್ ದಾರಿ ಹಿಡಿಯಬೇಕು, ಅದನ್ನೂ ಸಾಮಾನ್ಯವಾಗಿ ಕಂಪನಿಯೇ ಶುರು ಮಾಡಬೇಕು. ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೇ ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ 7ರ ಮಿತಿ. ನಮ್ಮಷ್ಟು ಜನಸಂಖ್ಯೆಯ ದೇಶಕ್ಕೂ ಅದೇ, ಪುಟ್ಟ ದೇಶಕ್ಕೂ ಅದೇ. ಹಾಗಾಗಿ ಭಾರತೀಯರ ಸಾಲು ಹತ್ತು ವರ್ಷಕ್ಕಿಂತ ಉದ್ದ ಬೆಳೆದಿದೆ. ನಮ್ಮ ಬ್ಯಾಕ್‌ಲಾಗ್ ಆರು ತಿಂಗಳಲ್ಲಿ ಕ್ಲಿಯರ್ ಆಗುತ್ತೆ, ಆ ಬ್ಯಾಕ್‌ಲಾಗ್ ಹಾಗಲ್ಲ. ಅಲ್ಲಿಯವರೆಗೆ ಗಂಡನೋ ಹೆಂಡತಿಯೋ ಎಚ್-4ನಲ್ಲಿದ್ರೆ, ಗ್ರೀನ್ ಕಾರ್ಡಿನ ಐ-140 ಹಂತ ಮಂಜೂರಾಗೋವರೆಗೆ ಸಾಮಾನ್ಯವಾಗಿ ಕೆಲಸ ಮಾಡೋ ಹಾಗಿಲ್ಲ. ಜೊತೆಗೇ ಬಿಇ ಮಾಡಿದ ಹುಡುಗಿ ಅಲ್ಲಿ ಹೋಗಿ ವರ್ಷಗಟ್ಟಲೆ ಮನೇಲಿ ಕೂರೋದು ಇದರಿಂದಲೇ.

ಹಾಗಾದ್ರೆ ಕಂಪನಿಯೇ ಕಳಿಸೋ ಎಲ್-1 ಹೇಗೆ? ಇಲ್ಲಿನ ಆಫೀಸಿನಲ್ಲಿ ಹಿಂದಿನ ಮೂರು ವರ್ಷದೊಳಗೆ ಒಂದು ವರ್ಷ ಸತತವಾಗಿ ಕೆಲಸ ಮಾಡಿದ್ರೆ, ಅದೇ ಕಂಪನಿಯ ಅಮೆರಿಕದ ಆಫೀಸಿಗೆ ಹೋಗಬಹುದು. ಲಾಟರಿ ಇಲ್ಲ, ವಾರ್ಷಿಕ ಮಿತಿ ಇಲ್ಲ. ಮ್ಯಾನೇಜರ್‌ಗಳಿಗೆ ಎಲ್-1ಎ, ಏಳು ವರ್ಷದವರೆಗೆ. ಕಂಪನಿಯ ವಿಶೇಷ ಜ್ಞಾನ ಇರುವವರಿಗೆ ಎಲ್-1ಬಿ, ಐದು ವರ್ಷದವರೆಗೆ. ಬಾಳಸಂಗಾತಿ ಕೆಲಸ ಮಾಡಬಹುದು. ಕೇಳೋಕೆ ಎಚ್-1ಬಿಗಿಂತ ಚೆನ್ನಾಗಿದೆ. ಆದರೆ ಅದೇ ವೀಸಾದಲ್ಲಿ ಬೇರೆ ಕಂಪನಿಗೆ ಹಾರೋ ಹಾಗಿಲ್ಲ. ಲಾಟರಿ ಕೈಯಿಂದ ಬಿಡಿಸಿಕೊಂಡು ಪೂರ್ತಿ ಕಂಪನಿ ಕೈಗೆ ಹೋಗಿ ಬೀಳ್ತೀವಿ.

ಇನ್ನು ಬಿ-1. ಇದು ಮೀಟಿಂಗ್, ಮಾತುಕತೆ, ಸಮ್ಮೇಳನಕ್ಕೆ ಹೋಗೋ ವೀಸಾ. ಅಲ್ಲಿ ಕೂತು ಪ್ರಾಜೆಕ್ಟಿನ ಕೋಡ್ ಬರೆಯೋಕಲ್ಲ. 2013ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್, ಬಿ-1 ವೀಸಾ ದುರ್ಬಳಕೆಯ ಆರೋಪದ ಪ್ರಕರಣದಲ್ಲಿ ಅಮೆರಿಕ ಸರ್ಕಾರಕ್ಕೆ 34 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಂಪನಿ ಆರೋಪವನ್ನ ಒಪ್ಪಿರಲಿಲ್ಲ. ನಮಗಿದ್ರಿಂದ ಗೊತ್ತಾಗಬೇಕಾದ್ದು ಇಷ್ಟು: ವೀಸಾದ ಹೆಸರು ಬೇರೆ, ಮಾಡೋ ಕೆಲಸ ಬೇರೆ ಆದ್ರೆ ಅದು ಸಣ್ಣ ವಿಷಯ ಅಲ್ಲ. ದೊಡ್ಡ ಕಂಪನಿ ದುಡ್ಡು ಕಟ್ಟಿ ಮುಂದೆ ಹೋಗುತ್ತೆ. ವೀಸಾ ರದ್ದಾದ್ರೆ ಆ ದಾಖಲೆ ಉಳಿಯೋದು ನಮ್ಮ ಹೆಸರಲ್ಲಿ. "ಸದ್ಯಕ್ಕೆ ಇದ್ರಲ್ಲಿ ಹೋಗಿ ಬಾ" ಅಂತ ಯಾವ ಮ್ಯಾನೇಜರ್ ಹೇಳಿದ್ರೂ, ಅದ್ರಲ್ಲಿ ಏನು ಮಾಡಬಹುದು ಅಂತ ನಾವೇ ಓದಿ ತಿಳ್ಕೊಬೇಕು.

ಈಗ ಅದೇ ಪ್ರಶ್ನೆ ಹಿಡ್ಕೊಂಡು ಬೇರೆ ಕಡೆ ನೋಡೋಣ. ಜರ್ಮನಿಯಲ್ಲಿ ಇಯು ಬ್ಲೂ ಕಾರ್ಡ್ ಇದೆ. ಮಾನ್ಯತೆ ಇರೋ ಡಿಗ್ರಿ, ಅದಕ್ಕೆ ತಕ್ಕ ಕೆಲಸದ ಆಫರ್, ನಿಗದಿತ ಸಂಬಳ ಇದ್ರೆ ಸಾಕು, ಲಾಟರಿ ಇಲ್ಲ. 2025ರಲ್ಲಿ ಆ ಸಂಬಳದ ಮಿತಿ ವರ್ಷಕ್ಕೆ 48,300 ಯೂರೋ. ಐಟಿಯಂಥ ಜನ ಕಮ್ಮಿ ಇರೋ ಕೆಲಸಗಳಿಗೆ, ಹೊಸದಾಗಿ ಡಿಗ್ರಿ ಮುಗಿಸಿದವರಿಗೆ ಸುಮಾರು 43,760. ಮೊದಲ ವರ್ಷ ಕೆಲಸ ಬದಲಾಯಿಸಿದ್ರೆ ಕಚೇರಿಗೆ ತಿಳಿಸಬೇಕು, ಆಮೇಲೆ ಅದೂ ಬೇಕಿಲ್ಲ. ಬಾಳಸಂಗಾತಿ ಕೆಲಸ ಮಾಡಬಹುದು. ಎ1 ಮಟ್ಟದ ಜರ್ಮನ್ ಬಂದ್ರೆ 27 ತಿಂಗಳಿಗೆ, ಬಿ1 ಬಂದ್ರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಹತ್ತು ವರ್ಷದ ಸಾಲಿನ ಪಕ್ಕದಲ್ಲಿ ಇಟ್ಟು ನೋಡಿ ಇದನ್ನ. ಆಫರ್ ಇಲ್ಲದವರಿಗೂ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಅಂತ ಪಾಯಿಂಟ್ಸ್ ಲೆಕ್ಕದ ಕಾರ್ಡ್ ಇದೆ. ಒಂದು ವರ್ಷದವರೆಗೆ ಅಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಕೂಡ ಮಾಡಬಹುದು.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ 2015ರ ಜನವರಿಯಲ್ಲಿ ಶುರುವಾಯ್ತು. ವಯಸ್ಸು, ಓದು, ಭಾಷೆ, ಅನುಭವಕ್ಕೆ ಪಾಯಿಂಟ್ಸ್. ಆಯ್ಕೆಯಾದ್ರೆ ನೇರವಾಗಿ ಪಿಆರ್, ಅದು ಯಾವ ಕಂಪನಿಗೂ ಕಟ್ಟಿಕೊಂಡಿರಲ್ಲ. ಆದರೆ ಸ್ಪರ್ಧೆ ಜಾಸ್ತಿ, ಓದು ಮುಗಿಸಿದ ತಕ್ಷಣ ಹೋಗೋಕಾಗಲ್ಲ, ಕನಿಷ್ಠ ಒಂದು ವರ್ಷದ ಅನುಭವ ಬೇಕು.

"ಅಮೆರಿಕದ ಸಂಬಳ ಜರ್ಮನಿಯಲ್ಲಿ ಎಲ್ಲಿದೆ, ಟ್ಯಾಕ್ಸ್ ಬೇರೆ ಜಾಸ್ತಿ" ಅಂತ ಸೀನಿಯರ್ಸ್ ಹೇಳ್ತಾರೆ. ನಿಜ. ಜರ್ಮನ್ ಕಲಿಯದೆ ಅಲ್ಲಿ ಬದುಕೋದು ಕಷ್ಟ ಅನ್ನೋದೂ ನಿಜ. "ನಿಯಮ ಎಲ್ಲಾ ಕಡೆ ಬದಲಾಗ್ತಾನೇ ಇರುತ್ತೆ, ಈಗಲೇ ಓದಿ ಏನುಪಯೋಗ" ಅಂತಾನೂ ಹೇಳ್ತಾರೆ. ನಿಯಮ ಬದಲಾಗುತ್ತೆ, ಒಪ್ಪೋಣ. ಅದಕ್ಕೇ ಒಂದೇ ವೀಸಾ ಮೇಲೆ ಮನೆ ಪತ್ರ ಅಡ ಇಡಬಾರದು ಅಂತಿರೋದು. ಯಾರೂ ಅಮೆರಿಕಕ್ಕೆ ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ರಿಸರ್ಚ್ ಮಾಡಬೇಕು, ಆ ಕೆಲಸ ಅಲ್ಲೇ ಇದೆ ಅನ್ನೋರು ಧೈರ್ಯವಾಗಿ ಹೋಗಲಿ. 27ರಲ್ಲಿ 8 ಅನ್ನೋ ಲೆಕ್ಕವನ್ನ ಅಪ್ಪ ಅಮ್ಮನ ಮುಂದೆ ಇಟ್ಟು, ಲಾಟರಿ ಬರದಿದ್ರೆ ಊರಿಗೆ ಬಂದು ಇಲ್ಲಿನ ಸಂಬಳದಲ್ಲಿ ಈ ಲೋನ್ ತೀರಿಸೋಕಾಗುತ್ತಾ ಅಂತ ಕೇಳಿಕೊಂಡು ಹೋಗಲಿ.

ನಮಗೆ ಇನ್ನೂ ಎರಡು ವರ್ಷ ಇದೆ. ಈ ಹೊತ್ತಲ್ಲಿ ಮಾಡಬಹುದಾದ್ದು ಇದೆ. ಮೆಕ್ಯಾನಿಕಲ್, ಸಿವಿಲ್ ಓದಿ ಸಾಫ್ಟ್‌ವೇರಿಗೆ ಹೋಗೋರು, ಡಿಗ್ರಿಗೂ ಕೆಲಸಕ್ಕೂ ಸಂಬಂಧ ತೋರಿಸೋ ಪ್ರಾಜೆಕ್ಟ್, ಕೋರ್ಸ್‌ಗಳನ್ನ ಈಗಿಂದಲೇ ಆರಿಸಿಕೊಳ್ಳಲಿ. ನಮ್ಮ ಯೂನಿವರ್ಸಿಟಿ, ನಮ್ಮ ಡಿಗ್ರಿಗೆ ಜರ್ಮನಿಯ ಅನಾಬಿನ್ ಪಟ್ಟಿಯಲ್ಲಿ ಏನು ಮಾನ್ಯತೆ ಇದೆ ಅಂತ ನೋಡೋಕೆ ಹತ್ತು ನಿಮಿಷ ಸಾಕು. ಎ1 ಜರ್ಮನ್ ಒಂದು ಸೆಮಿಸ್ಟರ್ ರಜೆಯ ಕೆಲಸ.

ಕಾಲೇಜಿಗೂ ಒಂದು ಮಾತು. ಹೊರದೇಶದ ಓದಿನ ಸೆಮಿನಾರ್ ಅಂದ್ರೆ ಕನ್ಸಲ್ಟೆನ್ಸಿಯವರನ್ನ ಕರೆಸಿ ಬ್ರೋಷರ್ ಹಂಚೋದಾಗಿದೆ. ಅವರ ಕೆಲಸ ಅಡ್ಮಿಷನ್ ಮಾಡಿಸೋದು, ಒಪಿಟಿ ಮುಗಿದ ಮೇಲಿನ ಕಥೆ ಅವರು ಹೇಳಲ್ಲ. ಪ್ಲೇಸ್‌ಮೆಂಟ್ ಸೆಲ್ ಈ ವರ್ಷ ನಮ್ಮದೇ ಹಳೇ ವಿದ್ಯಾರ್ಥಿಗಳನ್ನ ಆನ್‌ಲೈನಲ್ಲಿ ಕರೆಸಲಿ. ಲಾಟರಿ ಗೆದ್ದವರ ಜೊತೆ ಮೂರು ಸಲ ಸೋತು ವಾಪಸ್ ಬಂದವರನ್ನೂ ಕರೆಸಲಿ. ಲೋನ್ ಪೇಪರಿಗೆ ಅಪ್ಪನ ಸಹಿ ಬೀಳೋ ಮೊದಲು ನಮಗೆ ಅವರಿಬ್ಬರ ಮಾತೂ ಕೇಳಿಸಬೇಕು.