ಮಾರುತಿಗೆ ಮನೆಯಲ್ಲೇ ಸುಣ್ಣ-ಬಣ್ಣ!

ಮೊದಲೇ ಹೇಳಿಬಿಡ್ತೀನಿ, ಇದು ಕಾರಿನ ಹುಚ್ಚು ಹಿಡಿದವನ ಬರಹ ಅಲ್ಲ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿರೋದು ಒಂದೇ ಕಾರು, 2003ರ ಮಾರುತಿ 800. ಬಣ್ಣ ಬಿಳಿ. ಅದು ಬಿಳಿ ಅಂತ ಗೊತ್ತಾಗೋಕೆ ಈ ವರ್ಷದ ಶುರುವಿನಲ್ಲಿ ಆರ್.ಸಿ. ತೆಗೆದು ನೋಡಬೇಕಿತ್ತು ಅನ್ನೋದು ಬೇರೆ ಮಾತು :-) ನಂಬರ್ ಪ್ಲೇಟಿನ ಮೇಲೆ ಇನ್ನೂ ಕೆಎ 07, ಅಂದ್ರೆ ಕೋಲಾರ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು, ನಮ್ಮ ತಾಲ್ಲೂಕು ಆ ಕಡೆ ಹೋಯ್ತು. ಕಾರು ಮಾತ್ರ ಹಳೇ ಜಿಲ್ಲೆಯಲ್ಲೇ ಉಳಿದುಕೊಂಡಿದೆ.

ಬಾನೆಟ್ಟಿನ ಮೇಲೆ ಬಣ್ಣ ಸುಣ್ಣದ ಥರ ಕೈಗೆ ಹತ್ತುತ್ತಿತ್ತು. ಬಾಗಿಲುಗಳ ಕೆಳಗಂಚಿನಲ್ಲಿ, ಚಕ್ರದ ಕಮಾನಿನಲ್ಲಿ ತುಕ್ಕು. ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನವರು ಹೇಳಿದ ಲೆಕ್ಕ ಮೂವತ್ತೈದು ಸಾವಿರ. ಕಾರನ್ನೇ ಕೊಟ್ಟುಬಿಟ್ಟರೆ ಬರೋದು ಹೆಚ್ಚೆಂದರೆ ನಲವತ್ತು. ಬೆಂಗಳೂರಿನ ಆಫೀಸಿನಲ್ಲಿ ಈ ಲೆಕ್ಕ ಕೇಳಿದವರೆಲ್ಲ ಒಂದೇ ರಾಗ: "ಮಾರಿ ಬಿಸಾಕೋ ಮಾರಾಯ, ಇಎಮ್ಐನಲ್ಲಿ ಹೊಸದು ತಗೋ." ನಾನು ಮನೆಯಲ್ಲೇ ಬಣ್ಣ ಹೊಡೀತೀನಿ ಅಂದಾಗ ಒಬ್ಬನಂತೂ, "ಸಾಫ್ಟ್‌ವೇರ್ ಇಂಜಿನಿಯರ್ ಆಗಿ ಇಷ್ಟು ಜಿಪುಣತನವಾ?" ಅಂದ.

ಈ "ಜಿಪುಣತನ" ಅನ್ನೋ ಮಾತಿನ ಬಗ್ಗೆಯೇ ನಾನು ಬರೀಬೇಕು ಅಂದುಕೊಂಡಿದ್ದು. ನನ್ನ ಪ್ರಕಾರ ದುಡ್ಡು ಉಳಿಸೋದ್ರಲ್ಲಿ ಎರಡು ಥರ ಇದೆ. ಒಂದು, ದುಡ್ಡಿನ ಬದಲು ನಮ್ಮ ಸಮಯ, ನಮ್ಮ ರಟ್ಟೆ ಸವೆಸೋದು. ಇನ್ನೊಂದು, ಉಳಿದ ದುಡ್ಡಿನ ಬೆಲೆಯನ್ನ ಬೇರೆ ಯಾರೋ ಕಟ್ಟೋ ಹಾಗೆ ಮಾಡೋದು. ಮೊದಲನೆಯದರಲ್ಲಿ ನಾಚಿಕೆ ಪಡೋ ಅಂಥದ್ದು ಏನೂ ಇಲ್ಲ. ಎರಡನೆಯದು ಕಾರಿಗೆ ಬಣ್ಣ ಹೊಡೆಯೋ ಕೆಲಸದಲ್ಲಿ ತುಂಬಾ ಇದೆ, ಮನೆಯಲ್ಲೂ ಇದೆ, ಶೆಡ್ಡಿನಲ್ಲೂ ಇದೆ.

ಮೊದಲು ಬಣ್ಣ ಯಾಕೆ ಬೇಕು ಅಂತ ನೋಡೋಣ. ಮಾರುತಿ 800 ಬೀದಿಗೆ ಬಂದಿದ್ದು 1983ರ ಡಿಸೆಂಬರಿನಲ್ಲಿ, ಕಾರ್ಖಾನೆಯಲ್ಲಿ ನಿಂತಿದ್ದು 2014ರ ಜನವರಿಯಲ್ಲಿ. ಅಂದ್ರೆ ಈಗ ಊರುಗಳಲ್ಲಿ ಓಡಾಡ್ತಿರೋ ಎಲ್ಲವೂ ಹಳೆಯವೇ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಯ್ತು. ಇಷ್ಟು ಕಟ್ಟಿ ಉಳಿಸಿಕೊಳ್ಳೋ ಗಾಡಿಯ ತಗಡನ್ನೇ ತುಕ್ಕಿಗೆ ಬಿಟ್ಟರೆ ಏನು ಬಂತು? ನಮ್ಮಪ್ಪನಿಗೆ ಆ ಕಾರು ಶೋಕಿಗಲ್ಲ. ಅಮ್ಮನ ಕಣ್ಣಿನ ಡಾಕ್ಟರ ಹತ್ತಿರ ಚಿಕ್ಕಬಳ್ಳಾಪುರಕ್ಕೆ, ಮದುವೆ ಅಂತ ಚಿಂತಾಮಣಿಗೆ, ವರ್ಷಕ್ಕೊಮ್ಮೆ ಕೈವಾರಕ್ಕೆ. ಬಣ್ಣ ಇಲ್ಲಿ ಅಲಂಕಾರ ಅಲ್ಲ, ತಗಡಿಗೆ ಹೊದಿಸೋ ಕಂಬಳಿ. ಕಾರ್ಖಾನೆಯಲ್ಲಿ ಹಾಕೋ ಎಲ್ಲಾ ಪದರ ಸೇರಿದರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ದಪ್ಪ. ಆ ಕಂಬಳಿ ಹರಿದ ಕಡೆ ತೇಪೆ ಹಾಕೋಕೆ ಹೊಳೆಯೋ ಬಣ್ಣವೇ ಬೇಕು ಅಂತೇನಿಲ್ಲ.

"ಆದ್ರೆ ಕಾರಿಗೆ ಸ್ಪ್ರೇ ಮಾಡದೆ ಬ್ರಷ್ಷು, ರೋಲರ್ರಲ್ಲಿ ಯಾರಾದ್ರೂ ಬಣ್ಣ ಹೊಡೀತಾರಾ?" ಅಂತ ಕೇಳಬಹುದು. ಶುರುವಿನಲ್ಲಿ ಎಲ್ಲರೂ ಹೊಡೀತಿದ್ದಿದ್ದು ಬ್ರಷ್ಷಿನಲ್ಲೇ ಸ್ವಾಮಿ! ಕುದುರೆಗಾಡಿಗೆ ಹೊಡೆದ ಹಾಗೆ ಪದರದ ಮೇಲೆ ಪದರ, ಒಂದು ಕಾರು ಒಣಗೋಕೆ ವಾರಗಟ್ಟಲೆ. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಬೇಗ ಒಣಗೋ ನೈಟ್ರೋಸೆಲ್ಯುಲೋಸ್ ಬಣ್ಣ ತಂದಿತು, ಅದರ ಹೆಸರು ಡ್ಯೂಕೋ. ನಮ್ಮ ಬಡಗಿಗಳು, ಪೇಂಟರುಗಳು ಇವತ್ತಿಗೂ ಸ್ಪ್ರೇ ಮಾಡಿದ್ದಕ್ಕೆಲ್ಲ "ಡ್ಯೂಕೋ" ಅಂತಾರಲ್ಲ, ಆ ಮಾತಿನ ಮೂಲ ಇದೇ. ಇನ್ನು ರೋಲರ್ ವಿಷಯ. ಡಬ್ಬದ ಎನಾಮಲ್‌ಗೆ ಟರ್ಪೆಂಟೈನ್ ಬೆರೆಸಿ, ಸ್ಪಂಜಿನ ರೋಲರ್ರಲ್ಲಿ ತೆಳ್ಳಗೆ ಹೊಡೆದು, ಉಜ್ಜಿ, ಮತ್ತೆ ಹೊಡೆಯೋದು 2000ರ ದಶಕದ ನಡುವಿನಲ್ಲಿ ಅಮೆರಿಕ, ಕೆನಡಾದಲ್ಲಿ "ಐವತ್ತು ಡಾಲರ್ ಪೇಂಟ್" ಅಂತ ಹೆಸರಾಗಿತ್ತು. ನಾನು ಹಿಡಿದದ್ದೂ ಇದೇ ದಾರಿ. ನನ್ನ ಖರ್ಚು ಎಲ್ಲಾ ಸೇರಿ ನಾಲ್ಕು ಸಾವಿರದೊಳಗೆ, ಜೊತೆಗೆ ಐದು ವೀಕೆಂಡು.

ಕೆಲಸ ಏನು ಅಂತ ಚುಟುಕಾಗಿ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗಬಹುದು. ನೂರರಲ್ಲಿ ಎಂಬತ್ತು ಪಾಲು ಉಜ್ಜೋದೇ. ತುಕ್ಕನ್ನ ಹೊಳೆಯೋ ಲೋಹ ಕಾಣೋವರೆಗೂ ಕೆರೆದು ತೆಗೀಬೇಕು. ತುಕ್ಕಿನ ಮೇಲೇ ಪುಟ್ಟಿ ಮೆತ್ತಿದರೆ ಒಂದು ಮಳೆಗಾಲ ಕಳೆಯೋದ್ರಲ್ಲಿ ಗುಳ್ಳೆ ಏಳುತ್ತೆ. ಬಾಗಿಲಿನ ತಳದಲ್ಲಿ ನೀರು ಹರಿದು ಹೋಗೋಕೆ ಸಣ್ಣ ತೂತುಗಳಿರ್ತವೆ, ಅದನ್ನ ಪುಟ್ಟಿಯಿಂದ ಮುಚ್ಚಬಾರದು. ಚೆನ್ನಾಗಿರೋ ಕಡೆ ಕಾರ್ಖಾನೆಯ ಪ್ರೈಮರ್ ಕಿತ್ತು ತೆಗೆಯೋಕೆ ಹೋಗಬೇಡಿ. ಇಡೀ ಬಾಡಿಯನ್ನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಹತ್ತಿಸಿ, ಒಲೆಯಲ್ಲಿ ಬೇಯಿಸಿದ ಪದರ ಅದು. ನಮ್ಮ ಅಂಗಳದಲ್ಲಿ ಅಂಥದ್ದು ಮಾಡೋಕಾಗಲ್ಲ. ಬೋರ್‌ವೆಲ್ ನೀರಿನಲ್ಲಿ ವಾಟರ್ ಪೇಪರ್ ಉಜ್ಜಿದರೆ ಕೊನೆಗೆ ಚೆನ್ನಾಗಿ ಒರೆಸಿ ಒಣಗಿಸಬೇಕು. ಗಡಸು ನೀರಿನ ಉಪ್ಪು ಉಳಿದರೆ ಬಣ್ಣದ ಕೆಳಗೆ ಅದೇ ಗುಳ್ಳೆ. ಬರೀ ಲೋಹ ಕಂಡ ಕಡೆ ಪ್ರೈಮರ್ ಆದ ಮೇಲೆ ತೆಳ್ಳನೆಯ ಐದಾರು ಕೋಟು, ಎರಡೆರಡು ಕೋಟಿಗೊಮ್ಮೆ ನಯವಾಗಿ ಉಜ್ಜೋದು. ಮೂರ್ನಾಲ್ಕು ವಾರ ಗಟ್ಟಿಯಾಗೋಕೆ ಬಿಟ್ಟು, ಆಮೇಲೆ ರಬ್ಬಿಂಗ್ ಕಾಂಪೌಂಡ್. ಎನಾಮಲ್ ಮೇಲೆ ಅಪ್ಪಿತಪ್ಪಿ ಎನ್.ಸಿ. ಥಿನ್ನರ್ ಬೆರೆಸಿದ ಬಣ್ಣ ಹೊಡೆದರೆ ಇಡೀ ಪದರ ಹಪ್ಪಳದ ಥರ ಸುಕ್ಕಾಗುತ್ತೆ, ಹುಷಾರು.

ಇದರ ಮಿತಿಯನ್ನೂ ಹೇಳಬೇಕಲ್ಲ. ಹತ್ತು ಅಡಿ ದೂರದಿಂದ ಚಂದ, ಎರಡು ಅಡಿಯಿಂದ ರೋಲರ್ ಗುರುತು ಕಾಣುತ್ತೆ. ಹೊಳಪು ಶೆಡ್ಡಿನ ಬಣ್ಣದಷ್ಟು ವರ್ಷ ಬಾಳಲ್ಲ. ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುತ್ತೆ. ಮೆಟಾಲಿಕ್ ಬಣ್ಣದ ಕಾರಾದರೆ ಈ ವಿಧಾನ ಮರೆತುಬಿಡಿ, ಬಿಳಿ, ಕೆಂಪಿನಂಥ ಸಾದಾ ಬಣ್ಣಕ್ಕೆ ಮಾತ್ರ ಇದು. ಹಾಗೇ ಬಣ್ಣ ಬದಲಾಯಿಸೋ ಆಸೆ ಇದ್ದರೆ ಆರ್‌ಟಿಓದಲ್ಲಿ ಆರ್.ಸಿ. ತಿದ್ದಿಸಬೇಕು. ಮಿಲಿಟರಿ ಆಲಿವ್ ಹಸಿರನ್ನಂತೂ ಮುಟ್ಟಲೇಬೇಡಿ, ಅದು ಸೈನ್ಯದ ಗಾಡಿಗಳಿಗೆ ಮೀಸಲು ಅಂತ ಕಾನೂನೇ ಇದೆ.

ಇಷ್ಟೂ ಆದರೆ ನನ್ನ ಕಾರು, ನನ್ನ ರಟ್ಟೆ, ನನ್ನ ಭಾನುವಾರ. ಯಾರೂ ಕೇಳೋ ಹಾಗಿಲ್ಲ. ಆದರೆ ಶಿಡ್ಲಘಟ್ಟದಲ್ಲಿ ಕೇಳೋರಿದ್ದಾರೆ. ನಮ್ಮದು ರೇಷ್ಮೆಯ ಊರು. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ, ಊರಿನ ಅಂಚಿನಲ್ಲಿ ಮನೆ-ಮನೆಗೂ ಹುಳು. ನಮ್ಮ ಗೋಡೆಗೆ ಹೊಂದಿಕೊಂಡ ಹಾಗೇ ಒಂದು ಹುಳುಮನೆ. ಡಬ್ಬ ತರೋ ಮುಂಚೆ ಅಲ್ಲಿನ ಅಕ್ಕನನ್ನ ಕೇಳಿದೆ. ಅವರು ಸೊಪ್ಪು ಹಾಕ್ತಾನೇ ಹೇಳಿದರು, "ಹುಳ ಮೂರನೇ ಜ್ವರ ಎದ್ದೈತೆ ಕಣಪ್ಪಾ. ಗೂಡು ಬಿಡಿಸೋವರ್ಗೂ ಆ ಡಬ್ಬದ ಮುಚ್ಚಳ ತೆಗೀಬ್ಯಾಡ."

ರೇಷ್ಮೆ ಗೊತ್ತಿಲ್ಲದ ಗೆಳೆಯರಿಗೆ: ಹುಳು ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಮರಿಯಾದಾಗಿನಿಂದ ಹಣ್ಣಾಗಿ ಚಂದ್ರಿಕೆ ಏರೋವರೆಗೆ ಹೆಚ್ಚುಕಮ್ಮಿ ಇಪ್ಪತ್ತೈದು ದಿನ. ಅಷ್ಟೂ ದಿನ ಅದರಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಔಷಧಿ ಹೊಡೆದ ಸೊಪ್ಪು ತಿಂದರೆ ಸಾಯುತ್ತೆ, ತಂಬಾಕಿನ ಸೋಂಕು ತಾಗಿದರೂ ಸಾಯುತ್ತೆ. ಹುಳುಮನೆಯ ಹತ್ತಿರ ಹೊಗೆಯನ್ನೂ ಘಾಟನ್ನೂ ಯಾರೂ ಸೇರಿಸಲ್ಲ. ಟರ್ಪೆಂಟೈನ್ ವಾಸನೆ ನನಗೆ ಬರೀ ತಲೆನೋವು, ಆ ಮನೆಗೆ ಒಂದಿಡೀ ಬೆಳೆ. ಬೆಳೆ ಹೋದರೆ ಅದಕ್ಕೆ ಹಾಕಿದ ಮೊಟ್ಟೆಯ ದುಡ್ಡು, ಸೊಪ್ಪಿನ ದುಡ್ಡು, ಒಂದು ತಿಂಗಳ ನಿದ್ದೆ ಎಲ್ಲಾ ಹೋಯ್ತು. ನಾನು ಉಳಿಸಿದ ಮೂವತ್ತೊಂದು ಸಾವಿರವನ್ನ ಆ ಅಕ್ಕ ಕಟ್ಟಿದ ಹಾಗಾಗುತ್ತಿತ್ತು. ಹಾಗಾಗಿ ಆ ಮೂರು ವಾರ ಬರೀ ನೀರು ಹಾಕಿ ಉಜ್ಜಿದ್ದು. ಬಣ್ಣದ ಕೆಲಸ ಅವರು ಗೂಡು ಮಾರಿ, ಮನೆ ತೊಳೆದು, ಮುಂದಿನ ಬೆಳೆ ಹಿಡಿಯೋ ನಡುವಿನ ಬಿಡುವಿನಲ್ಲಿ. ಬಜೆಟ್ಟಿನಲ್ಲಿ ಈ ಕಾಯುವಿಕೆಗೆ ಪೈಸೆ ಖರ್ಚಿಲ್ಲ, ಆದರೂ ನನ್ನ ಪ್ರಕಾರ ಅದೇ ದೊಡ್ಡ ಖರ್ಚು.

ನೀರು ಹಾಕಿಯೇ ಉಜ್ಜಬೇಕು ಅನ್ನೋದಕ್ಕೂ ಕಾರಣ ಇದೆ. ಹಳೇ ಬಣ್ಣಗಳಲ್ಲಿ ಸೀಸ ಇರಬಹುದು. ನಮ್ಮಲ್ಲಿ ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಒಣ ಉಜ್ಜಿದ ಧೂಳು ಅಂಗಳದಲ್ಲಿ ಆಡೋ ಮಕ್ಕಳ ಕೈಗೆ, ಬಾಯಿಗೆ ಹೋಗುತ್ತೆ. ಉಜ್ಜಿದ ರಾಡಿಯನ್ನ ಮೋರಿಗೆ ಬಿಡದೆ ಬಟ್ಟೆಯಲ್ಲಿ ಸೋಸಿ ಗಸಿಯನ್ನ ಕಟ್ಟಿಡಬೇಕು. ಇನ್ನು ಪಕ್ಕದಲ್ಲಿ ನೂಲು ಬಿಚ್ಚಾಣಿಕೆಯ ಒಲೆ ಉರೀತಿದ್ದರೆ ಥಿನ್ನರ್ ಡಬ್ಬ ಅತ್ತ ಸುಳೀಬಾರದು.

"ಹಾಗಿದ್ರೆ ಇಷ್ಟೆಲ್ಲಾ ತಲೆನೋವು ಯಾಕೆ, ಮೂವತ್ತೈದು ಸಾವಿರ ಕೊಟ್ಟು ಶೆಡ್ಡಿಗೆ ಬಿಟ್ಟರೆ ಎಲ್ಲಾ ಸರಿಹೋಗುತ್ತಲ್ಲ?" ಅನ್ನೋರಿಗೆ ನನ್ನದೊಂದು ಪ್ರಶ್ನೆ. ಯಾವುದಾದ್ರೂ ಊರಿನ ರಸ್ತೆ ಬದಿಯ ಶೆಡ್ಡಿನಲ್ಲಿ ಸ್ಪ್ರೇ ಗನ್ ಹಿಡಿದ ಹುಡುಗನ ಮುಖ ನೋಡಿದ್ದೀರಾ? ಮೂಗಿಗೆ ಒಂದು ಕರ್ಚೀಫು, ಅಷ್ಟೇ. ಹಾರ್ಡನರ್ ಬೆರೆಸೋ ಪಿಯು ಬಣ್ಣದಲ್ಲಿ ಐಸೋಸೈನೇಟ್ ಇರುತ್ತೆ. ಕೆಲಸದಿಂದ ಬರೋ ಆಸ್ತಮಾಕ್ಕೆ ಜಗತ್ತಿನಾದ್ಯಂತ ಗುರುತಿಸಿರೋ ದೊಡ್ಡ ಕಾರಣಗಳಲ್ಲಿ ಇದೂ ಒಂದು. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಇದೇ ಬಳಗದ, ಇದಕ್ಕಿಂತ ಬಲು ಬೇಗ ಆವಿಯಾಗೋ ಇನ್ನೊಂದು ರಾಸಾಯನಿಕ. ಕರ್ಚೀಫಾಗಲಿ, ಕೊರೊನಾ ಕಾಲದ ಮಾಸ್ಕಾಗಲಿ ಇದನ್ನ ತಡೆಯಲ್ಲ, ಹೊರಗಿನ ಶುದ್ಧ ಗಾಳಿಯನ್ನ ಕೊಳವೆಯಲ್ಲಿ ತರೋ ಮುಖವಾಡ ಬೇಕು. ಒಮ್ಮೆ ದೇಹಕ್ಕೆ ಒಗ್ಗದೇ ಹೋದರೆ ಆಮೇಲೆ ಚೂರೇ ಚೂರು ತಾಗಿದರೂ ಉಸಿರು ಕಟ್ಟುತ್ತೆ.

ಅದಕ್ಕೇ ಮನೆಯಲ್ಲಿ ಹಾರ್ಡನರ್ ಬಣ್ಣ ಬೇಡ, ಸ್ಪ್ರೇ ಬೇಡ, ರೋಲರ್ ಸಾಕು ಅಂತ ನಾನು ನಿಂತದ್ದು. ರೋಲರ್ರಿಗೆ ಗಾಳಿಯಲ್ಲಿ ಮಂಜು ಎಬ್ಬಿಸೋ ಶಕ್ತಿ ಇಲ್ಲ. ಶೆಡ್ಡಿಗೇ ಬಿಡೋರು ಬಿಡಲಿ, ತಪ್ಪೇನಿಲ್ಲ, ಅದು ಅವರ ಅನ್ನ. ಆದರೆ ಐದು ಸಾವಿರ ಕಡಿಮೆ ಮಾಡು ಅಂತ ಚೌಕಾಸಿ ಮಾಡೋ ಮುಂಚೆ, ಆ ಐದು ಸಾವಿರ ಎಲ್ಲಿಂದ ಕಳೆಯುತ್ತೆ ಅಂತ ಒಂದು ಸಲ ಯೋಚಿಸಿ. ಡಬ್ಬದ ರೇಟು ಅಂಗಡಿಯವನು ಇಳಿಸಲ್ಲ. ಇಳಿಯೋದು ಪ್ರೈಮರ್ ಕೋಟು, ಇಲ್ಲಾ ಆ ಹುಡುಗನ ಕೂಲಿ, ಮಾಸ್ಕು. "ಮಾಸ್ಕ್ ಇದೆಯಾ?" ಅಂತ ಕೇಳಿ, ಇದ್ದರೆ ಐನೂರು ಜಾಸ್ತಿಯೇ ಕೊಡಿ.

ನಮ್ಮ ಐಟಿ ಮಂದಿಗೆ ಒಂದು ಅಭ್ಯಾಸ ಇದೆ. ದುಡ್ಡು ಕೊಟ್ಟರೆ ಜವಾಬ್ದಾರಿ ಮುಗೀತು, ಕೈಯಾರೆ ಮಾಡಿದರೆ ಬಡತನ. ನನಗೆ ಇದು ತಲೆಕೆಳಗಾಗಿ ಕಾಣುತ್ತೆ. ಕೈಯಾರೆ ಉಜ್ಜಿದಾಗಲೇ ಆ ಕೆಲಸದ ಧೂಳು ಎಲ್ಲಿಗೆ ಹೋಗುತ್ತೆ, ವಾಸನೆ ಯಾರ ಮನೆಗೆ ಹೋಗುತ್ತೆ ಅಂತ ಕಣ್ಣಿಗೆ ಕಾಣೋದು. ಬಿಲ್ಲಿನಲ್ಲಿ ಅದು ಯಾವತ್ತೂ ಬರೆದಿರಲ್ಲ.

ನಿಮ್ಮೂರಲ್ಲಿ ಹೇಗೆ? ಸ್ಕೂಟರೋ, ಕಾರೋ, ಗೇಟೋ, ಮನೆಯಲ್ಲೇ ಬಣ್ಣ ಹೊಡೆದವರು ಇದ್ದರೆ ಬರೀರಿ. ಹೊಳಪಿನ ವಿಷಯ ಆಮೇಲೆ, ಪಕ್ಕದ ಮನೆಯವರನ್ನ ಕೇಳಿದಿರಾ ಅನ್ನೋದನ್ನ ಮೊದಲು ಹೇಳಿ :-)