ತಪ್ಪಿದ ತೂತಿಗೆ ಹುಡಿ ಮೆತ್ತಬೇಡಿ



ನಿಮ್ಮಲ್ಲಿ ಕೆಲವರು ಬಿಡುವಿನ ವೇಳೆಯಲ್ಲಿ ಉಕ್ಕಿನ ಪಟ್ಟಿಯನ್ನು ಉಜ್ಜಿ, ಕಾಸಿ, ಹದಗೊಳಿಸಿ ಸ್ವಂತ ಕೈಯಿಂದ ಚಾಕು ಮಾಡುವ ಹವ್ಯಾಸ ಹಿಡಿದಿರುವುದು ನನಗೆ ಸಂತೋಷದ ಸಂಗತಿ. ಆದರೆ ಅದರೊಡನೆ ಬೆಳೆದಿರುವ ಒಂದು ದುರಭ್ಯಾಸವನ್ನು ಖಂಡಿಸದೆ ಇರಲಾರೆ. ಹಿಡಿ ಕೂರಿಸುವಾಗ ತೂತು ಓರೆಯಾದರೆ, ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಉಜ್ಜಿ, ಎಣ್ಣೆ ಸವರಿ, 'ಯಾರಿಗೂ ಕಾಣದು' ಎಂದು ಸಮಾಧಾನಪಟ್ಟುಕೊಳ್ಳುವುದೇ ಆ ದುರಭ್ಯಾಸ.

ಹಿಡಿಯೆಂಬುದು ಗೋಡೆಗೆ ತೂಗುಹಾಕುವ ಚಿತ್ರಪಟವೇ? ಕುಂಬಳಕಾಯಿಯನ್ನು ಸೀಳುವಾಗ ಕೈಯ ಬಲವೆಲ್ಲ ಹಿಡಿಯ ಎರಡು ಮರದ ಹೋಳುಗಳ ಮೇಲೆ ಬೀಳುತ್ತದೆ. ಅವನ್ನು ನಡುವಿನ ಉಕ್ಕಿನ ಬಾಲಕ್ಕೆ ಬಿಗಿದಿಡುವುದು ಹಿತ್ತಾಳೆಯ ಕಡ್ಡಿಗಳು ಮತ್ತು ಎಪಾಕ್ಸಿ ಅಂಟು. ಕಡ್ಡಿ ಸಡಿಲವಾದರೆ ಸಂದಿಗೆ ನೀರಿಳಿದು, ಉಕ್ಕು ತುಕ್ಕು ಹಿಡಿದು, ಹೋಳು ಎದ್ದು ಬರುತ್ತದೆ. ಬಿಳಿಯ ಮರಗೋಂದಿನಲ್ಲಿ ಕಲಸಿದ ಹುಡಿಯಂತೂ ನೀರಿಗೆ ಮೆತ್ತಗಾಗುತ್ತದೆ. ಅಂದು ಗಾಯವಾಗುವುದು ಆ ಚಾಕುವನ್ನು ನಂಬಿ ಹಿಡಿದವರ ಕೈಗೆ.

ಇನ್ನು ಕೆಲವರ ವಾದ ಇದಕ್ಕೆ ತದ್ವಿರುದ್ಧ: ತೂತು ತಪ್ಪಿತೇ, ಹೋಳನ್ನೇ ಒಲೆಗೆ ಹಾಕಿ! ಇದೂ ಅವಿವೇಕವೇ. ಬೀಟೆಯ ಮರ ಬಲಿಯಲು ಹಲವು ದಶಕಗಳು ಬೇಕು. ಒಂದು ಮಿಲಿಮೀಟರಿನ ತಪ್ಪಿಗಾಗಿ ಅದನ್ನು ಸುಡುವುದನ್ನು ಶ್ರದ್ಧೆಯೆಂದು ಕರೆಯಲಾರೆ.

ತಿದ್ದುವ ಮಾರ್ಗ ಕಠಿಣವಲ್ಲ. ಕಡ್ಡಿ ತುಸುವೇ ತಡೆಯುತ್ತಿದ್ದು, ಬಾಲದ ಉಕ್ಕು ಅರಕ್ಕೆ ಬಗ್ಗುವಷ್ಟು ಮೆದುವಾಗಿದ್ದರೆ, ಅದರ ತೂತನ್ನು ದುಂಡು ಅರದಿಂದ ಕೊಂಚ ಅಗಲಿಸಬಹುದು; ಉಳಿದ ಎಡೆಯನ್ನು ಎಪಾಕ್ಸಿ ತುಂಬುತ್ತದೆ. ಮರದ ತೂತೇ ತಪ್ಪಿದ್ದರೆ ಅದೇ ಮರದಿಂದ ಬಿಗಿಯಾದ ಬಿರಡೆ ಮಾಡಿ, ಎಪಾಕ್ಸಿ ಸವರಿ ತೂರಿಸಿ, ಒಂದು ಹಗಲು ಒಂದು ರಾತ್ರಿ ಗಟ್ಟಿಯಾಗಲು ಬಿಡಿ. ಬಿರಡೆಯಿಲ್ಲದೆ ಹಳೆಯ ತೂತಿನ ಅಂಚಿನಲ್ಲೇ ಕೊರೆಯಹೊರಟರೆ ಡ್ರಿಲ್ಲಿನ ಮೊನೆ ಮತ್ತೆ ಹಳೆಯ ತೂತಿಗೇ ಜಾರುತ್ತದೆ. ಅನಂತರ ಹೋಳನ್ನು ಬಾಲಕ್ಕೆ ಕ್ಲ್ಯಾಂಪಿನಿಂದ ಬಿಗಿದು, ಮರ ಸಿಬಿರೇಳದಂತೆ ಅಡಿಗೆ ಹಳೆಯ ಹಲಗೆ ಕೊಟ್ಟು, ಬಾಲದ ತೂತಿನ ಮೂಲಕವೇ ನೆಟ್ಟಗೆ ಕೊರೆಯಿರಿ. ಆ ತೂತಿಗೆ ಕಡ್ಡಿಯಿಟ್ಟು, ಹೋಳು ಅಲುಗದಂತೆ ಮಾಡಿ, ಎರಡನೆಯ ತೂತನ್ನು ಕೊರೆಯಿರಿ. ತೂತು ಬರೀ ದೊಡ್ಡದಾಗಿದ್ದರೆ ಒಂದಳತೆ ದಪ್ಪನೆಯ ಕಡ್ಡಿ ಸಾಕು. ತೂತಿನಿಂದ ಅಂಚಿನವರೆಗೆ ಸೀಳು ಬಿಟ್ಟ ಹೋಳನ್ನು ಮಾತ್ರ ಕೈಬಿಡಿ. ಕಡ್ಡಿಯನ್ನು ಸುತ್ತಿಗೆಯಿಂದ ಬಲವಂತವಾಗಿ ಹೊಡೆದರೆ ಆಗುವ ಗತಿಯೂ ಅದೇ.

ಬಿರಡೆಯ ಗುರುತು ಕಾಣುವುದಿಲ್ಲವೇ ಎಂದು ಕೇಳುವಿರಿ. ಕಾಣಲಿ. ನೆಟ್ಟಗೆ ತಿದ್ದಿದ ಗುರುತಿನಿಂದ ಯಾರ ಕೈಗೂ ಅಪಾಯವಿಲ್ಲ.

1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ಕಲಿಕೆಯ ಕೇಂದ್ರದಲ್ಲಿಡಬೇಕೆಂದು ವಾದಿಸಿದರು. ಅದರ ಬೆಲೆ ಇಂಥ ಕೆಲಸದಲ್ಲಿ ತಿಳಿಯುತ್ತದೆ. ಉತ್ತರಪತ್ರಿಕೆಯಲ್ಲಿನ ತಪ್ಪು ಒಂದೆರಡು ಅಂಕಗಳಲ್ಲಿ ಮುಗಿಯುತ್ತದೆ. ಹಿಡಿಯಲ್ಲಿನ ತಪ್ಪು ಅದನ್ನು ಬಳಸುವವರ ಮನೆಗೆ ಹೋಗುತ್ತದೆ. ಆದ್ದರಿಂದ ಅಂಟು ಹಚ್ಚುವ ಮುನ್ನ ಒಮ್ಮೆ ಹಾಗೆಯೇ ಜೋಡಿಸಿ ನೋಡಿ. ಕಡ್ಡಿ ಬೆರಳಿನ ಒತ್ತಡಕ್ಕೆ ಇಳಿಯದಿದ್ದರೆ ನಿಲ್ಲಿಸಿ, ತಿದ್ದಿ, ಮತ್ತೆ ನೋಡಿ. ಒಂದು ದಿನದ ಆ ತಡವನ್ನು ಸಹಿಸಲಾರದವರು ತಾವು ಮಾಡಿದ ಚಾಕುವನ್ನು ಇನ್ನೊಬ್ಬರ ಕೈಗೆ ಕೊಡದಿರುವುದೇ ಲೇಸು.