ಹೆಸರು ಮಾಣಿಯದು, ಗಲ್ಲಾ ಧಣಿಯದು

ಶನಿವಾರ ಸಂಜೆಯಾಯಿತೆಂದರೆ ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟುಗಳಲ್ಲಿ ಜೋಡಿಗಳ ಜಾತ್ರೆ. ದುಡಿಯುವ ಹುಡುಗ, ದುಡಿಯುವ ಹುಡುಗಿ, ಮಂದ ಬೆಳಕಿನ ಹೊಸ ಮಾದರಿಯ ಹೋಟೆಲುಗಳಲ್ಲಿ ಎದುರುಬದುರು ಕುಳಿತು ಉಣ್ಣುತ್ತಾರೆ. ಇದಕ್ಕೆ 'ಡೇಟ್' ಎಂದು ಹೆಸರು. ಇದನ್ನು ಕಂಡು ಮೂಗು ಮುರಿಯುವ ಹಿರಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಆ ಸಾಲಿಗೆ ಸೇರಿದವರಲ್ಲ. ವಾರವಿಡೀ ದುಡಿದವರು ಒಂದು ಸಂಜೆ ತಮಗೆ ಬೇಕಾದವರೊಡನೆ ಕೂತು ಉಂಡರೆ ಯಾರ ಗಂಟು ಹೋಯಿತು? ನಮ್ಮ ಆಕ್ಷೇಪಣೆ ಉಣ್ಣುವವರ ಮೇಲಲ್ಲ, ಉಂಡಾದ ಮೇಲೆ ಮೇಜಿಗೆ ಬರುವ ಬಿಲ್ಲಿನ ಮೇಲೆ.

ಆ ಬಿಲ್ಲನ್ನು ಬಿಡಿಸಿ ನೋಡೋಣ. ಇಬ್ಬರ ಊಟಕ್ಕೆ 3,000 ರೂಪಾಯಿ ಆಯಿತೆನ್ನಿ. ಅದರ ಕೆಳಗೆ ಶೇಕಡಾ 10ರಂತೆ 'ಸರ್ವಿಸ್ ಚಾರ್ಜ್' 300. ಎರಡೂ ಕೂಡಿದ ಮೊತ್ತದ ಮೇಲೆ ಶೇಕಡಾ 5ರ ಜಿಎಸ್‌ಟಿ 165. ಒಟ್ಟು 3,465. ಊಟದ ಬೆಲೆ ಮತ್ತು ಅದರ ತೆರಿಗೆ ಮಾತ್ರವಾಗಿದ್ದರೆ 3,150ಕ್ಕೆ ಮುಗಿಯುತ್ತಿತ್ತು. ನಡುವಿನ ಆ 300 ಸರ್ಕಾರ ಹಾಕಿದ್ದಲ್ಲ, ಧಣಿ ಹಾಕಿದ್ದು. ತೆರಿಗೆಯ ಮಗ್ಗುಲಲ್ಲಿ, ತೆರಿಗೆಯ ವೇಷದಲ್ಲಿ ಅದನ್ನು ಕೂರಿಸಿ, ಅದರ ಮೇಲೆ ಇನ್ನೂ 15 ರೂಪಾಯಿ ತೆರಿಗೆಯನ್ನು ಉಂಡವರ ತಲೆಗೇ ಕಟ್ಟಲಾಗಿದೆ.

"ಬೇಡವಾದರೆ ತೆಗೆಸಿಕೊಳ್ಳಲಿ" ಎನ್ನುವ ಜಾಣರಿದ್ದಾರೆ. ಆ ಸಂಜೆ ಯಾರು ಬಾಯಿ ಬಿಡುತ್ತಾರೆ ಸ್ವಾಮಿ? ಎದುರಿಗೆ ಹುಡುಗಿ ಕೂತಿರುವಾಗ ಮುನ್ನೂರು ರೂಪಾಯಿಗೆ ಚೌಕಾಸಿ ಮಾಡಿ ಜಿಪುಣನೆನಿಸಿಕೊಳ್ಳಲು ಯಾವ ಹುಡುಗ ಒಪ್ಪುತ್ತಾನೆ? ಬಿಲ್ಲು ತಾನೇ ಕೊಡಲು ಬಂದ ಹುಡುಗಿಗೂ ಅದೇ ಸಂಕೋಚ. ಧಣಿಗೆ ಇದು ಚೆನ್ನಾಗಿ ಗೊತ್ತು. ಇದು ಸೇವೆಗೆ ಹಾಕಿದ ಶುಲ್ಕವಲ್ಲ, ಮಾನವಂತರ ನಾಚಿಕೆಗೆ ಹಾಕಿದ ಕಂದಾಯ!

ಕೇಳಿದರೆ ಧಣಿಗಳ ಉತ್ತರ ಸಿದ್ಧವಾಗಿದೆ: ಈ ಹಣ ಬಡಿಸುವವರಿಗೆ, ಅಡಿಗೆಮನೆಯವರಿಗೆ, ಪಾತ್ರೆ ತೊಳೆಯುವವರಿಗೆ ಎಂದು. ಬಹಳ ಸಂತೋಷ. ಹಾಗಾದರೆ ಊಟಕ್ಕೆ ಕೊಟ್ಟ 3,000 ಯಾವುದಕ್ಕೆ? ಗಿರಣಿಯ ಬಟ್ಟೆ ಕೊಂಡವನಿಗೆ ಬಟ್ಟೆಯ ಬೆಲೆ ಹೇಳಿ, ಆಮೇಲೆ 'ನೇಯ್ದವನ ಕೂಲಿ' ಎಂದು ಬೇರೆ ಕೇಳಿದ್ದುಂಟೆ? ನಮ್ಮ ಪೇಟೆಯ ಕಿರಾಣಿ ವರ್ತಕ ಬೇಳೆ ಕಟ್ಟಿಕೊಟ್ಟು 'ತೂಗಿದ್ದಕ್ಕೆ ಶೇಕಡಾ ಹತ್ತು' ಎಂದರೆ ಗಿರಾಕಿ ಮತ್ತೆ ಆ ಅಂಗಡಿ ಹತ್ತುತ್ತಾನೆಯೇ? ಸಣ್ಣವನಿಗೆ ಇಲ್ಲದ ಈ ಹಕ್ಕು ದೊಡ್ಡವನಿಗೆ ಎಲ್ಲಿಂದ ಬಂತು? ಮಾಣಿಯ ಹೆಸರಿನಲ್ಲಿ ಎತ್ತಿದ ಹಣ ಮೊದಲು ಬೀಳುವುದು ಧಣಿಯ ಗಲ್ಲಾಕ್ಕೆ. ಅಲ್ಲಿಂದ ಎಷ್ಟು ಯಾರ ಕೈ ಸೇರಿತೆಂಬ ಲೆಕ್ಕ ಬಿಲ್ಲಿನಲ್ಲಿ ಎಲ್ಲಿದೆ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಕಾನೂನು ಇಲ್ಲಿ ಮೂಕವಾಗಿಲ್ಲ. ಹೋಟೆಲುಗಳು ಈ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡುವುದು ಬಿಡುವುದು ಗಿರಾಕಿಯ ಇಷ್ಟವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಅಪ್ಪಣೆ ಮಾಡಿತು. ಆಹಾರದ ಬೆಲೆಯಲ್ಲಿಯೇ ಸೇವೆಯ ಬೆಲೆಯೂ ಅಡಗಿದೆ ಎಂದೂ ಹೇಳಿತು. ಹೋಟೆಲು ಮಾಲೀಕರ ಎರಡು ಸಂಘಗಳು ದಿಲ್ಲಿ ಹೈಕೋರ್ಟಿಗೆ ಓಡಿದವು. ಅದೇ ತಿಂಗಳು ತಡೆಯಾಜ್ಞೆ ಸಿಕ್ಕಿತು. 2025ರ ಮಾರ್ಚ್ 28ರಂದು ನ್ಯಾಯಾಲಯ ಅವರ ಅರ್ಜಿಗಳನ್ನು ವಜಾ ಮಾಡಿ, ತಲಾ 1 ಲಕ್ಷ ರೂಪಾಯಿ ಖರ್ಚನ್ನೂ ಹೊರಿಸಿತು. ಅವರು ಮೇಲ್ಮನವಿ ಹಾಕಿದರು. ಮಾಣಿಯ ಸಂಬಳ ಹೆಚ್ಚಿಸಲು ಇಷ್ಟು ಓಡಾಡಿದ್ದರೆ ಈ ಶುಲ್ಕದ ಮಾತೇ ಏಳುತ್ತಿರಲಿಲ್ಲ.

ಹೋಟೆಲು ನಡೆಸಲು ಬೇರೆ ದಾರಿಯಿಲ್ಲವೆಂದು ಯಾರೂ ಹೇಳದಿರಲಿ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಟ್ಟಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಆ ನೌಕರರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಜಾಗ ಕಳೆದುಕೊಂಡು ಚರ್ಚ್ ಸ್ಟ್ರೀಟಿಗೆ ಬಂತು. ಅಲ್ಲಿಯೂ ಎಷ್ಟೋ ಜೋಡಿಗಳು ಒಂದು ಲೋಟ ಕಾಫಿಯ ಮುಂದೆ ಸಂಜೆ ಕಳೆದಿವೆ. ರುಮಾಲು ಸುತ್ತಿ ಕಾಫಿ ತಂದಿಟ್ಟವರು ಆಳುಗಳಲ್ಲ, ಸಂಘದ ಸದಸ್ಯರು.

ನಮ್ಮ ಮಾತು ಇಷ್ಟೆ. ನಮ್ಮ ಜಿಲ್ಲೆಯ ಮಕ್ಕಳು ಆ ಹೋಟೆಲುಗಳಲ್ಲಿ ಎರಡೂ ಕಡೆ ಇದ್ದಾರೆ. ಕೆಲವರು ಮೇಜಿನ ಮುಂದೆ ಕೂತಿದ್ದಾರೆ, ಕೆಲವರು ತಟ್ಟೆ ಹಿಡಿದು ನಿಂತಿದ್ದಾರೆ. ಕೂತವರು ಈ ಶುಲ್ಕವನ್ನು ನಾಚದೆ ತೆಗೆಸಲಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಲಿ. ಬಡಿಸಿದವನಿಗೆ ಕೊಡುವ ಮನಸ್ಸಿದ್ದರೆ ಅವನ ಅಂಗೈಯಲ್ಲೇ ಇಡಲಿ. ನಿಂತವರು ಭಕ್ಷೀಸಿನ ದಾರಿ ಕಾಯದೆ ಒಗ್ಗಟ್ಟಾಗಿ ಪೂರ್ತಿ ಸಂಬಳ ಕೇಳಲಿ. ಇಬ್ಬರನ್ನೂ ಒಬ್ಬರಿಗೊಬ್ಬರು ಸಾಲಗಾರರೆಂದು ನಂಬಿಸುವುದೇ ಈ ಬಿಲ್ಲಿನ ಕುಯುಕ್ತಿ. ದುಡಿದವನಿಗೆ ಕೂಲಿ ಕೊಡಬೇಕಾದವನು ದುಡಿಸಿಕೊಂಡವನು. ಆ ಸಾಲವನ್ನು ಪ್ರೀತಿಸಿದವರ ಮೇಜಿನ ಮೇಲೆ ತಂದಿಡುವುದು ಬೇಡ.